ಬಕೆಟ್ ಒಳಗೆ ಮುಖ ಇಟ್ಟು ಗೆರೆ ನೋಡುವ ಪರೀಕ್ಷೆ: ಇದನ್ನ ಎಷ್ಟು ನಂಬಬಹುದು?

ಡೊಂಬಿವಲಿ ಈಸ್ಟ್:
ಅಮ್ಮನಿಗೆ ಹೋದ ತಿಂಗಳು ಬೆಳಿಗ್ಗೆ ಎದ್ದ ಕೂಡಲೇ ವಿಪರೀತ ತಲೆಸುತ್ತು, ವಾಂತಿ. ಗೋಡೆ ಹಿಡಿಯದೆ ಬಾತ್‌ರೂಮಿಗೂ ಹೋಗಲು ಆಗುತ್ತಿರಲಿಲ್ಲ. ಬಲಕಿವಿಯ ಬ್ಯಾಲೆನ್ಸ್ ನರಕ್ಕೆ ಊತ, ವೆಸ್ಟಿಬುಲರ್ ನ್ಯೂರೈಟಿಸ್ ಅಂದರು. ಕಿವಿಗೆ ಬಿಸಿನೀರು, ತಣ್ಣೀರು ಬಿಟ್ಟು ಪರೀಕ್ಷೆ ಮಾಡಿದರು. ಆಮೇಲೆ ಒಂದು ಪ್ಲಾಸ್ಟಿಕ್ ಬಕೆಟ್ ತಂದು ಅದರೊಳಗೆ ಮುಖ ಇಡಿಸಿದರು. ತಳದಲ್ಲಿ ಒಂದು ಗೆರೆ, ಹೊರಗಡೆ ಪ್ರೊಟ್ರ್ಯಾಕ್ಟರ್, ದಾರಕ್ಕೆ ಕಟ್ಟಿದ ತೂಕ, ಅಷ್ಟೇ. ಬಕೆಟ್ ತಿರುಗಿಸುತ್ತಾ ಹೋದರು, ಅಮ್ಮ "ಈಗ ನೆಟ್ಟಗಿದೆ" ಅಂದಾಗಲೆಲ್ಲ ಗೆರೆ ಅಮ್ಮನ ಬಲಕ್ಕೇ ವಾಲಿತ್ತು, ಸರಾಸರಿ 7 ಡಿಗ್ರಿ. ಮೊನ್ನೆ ಮತ್ತೆ ಮಾಡಿದಾಗ 1.5. ಚೆನ್ನಾಗಿದೆ ಅಂದರು. ಆದರೆ ಅಮ್ಮ ಇನ್ನೂ ಲೋಕಲ್ ರೈಲು ಹತ್ತಲು ಹೆದರುತ್ತಾರೆ, ದಾದರ್ ಬ್ರಿಡ್ಜ್ ಮೇಲೆ ಜನ ಎದುರು ಬಂದರೆ ತೂರಾಡಿದ ಹಾಗೆ ಆಗುತ್ತದಂತೆ. ಹಾಗಾದ್ರೆ ವಾಸಿಯಾಗಿದೆಯಾ, ಇಲ್ವಾ?

ಮುಲುಂಡ್ ಆಡಿಯಾಲಜಿ:
ಇದು ನನ್ನ ದಿನದ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಬಕೆಟ್ ಅಂತ ಹಗುರವಾಗಿ ನೋಡಬೇಡಿ, ಒಳ್ಳೆಯ ಪರೀಕ್ಷೆ ಅದು. ಒಳಕಿವಿಯಲ್ಲಿ ಎರಡು ಬಗೆಯ ಭಾಗಗಳಿವೆ. ಮೂರು ಅರ್ಧವೃತ್ತ ನಾಳಗಳು ತಲೆ ತಿರುಗುವುದನ್ನು ಹಿಡಿಯುತ್ತವೆ. ಯುಟ್ರಿಕಲ್, ಸ್ಯಾಕ್ಯೂಲ್ ಅನ್ನೋ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ, ಅವು ಭೂಮಿ ಎಳೆಯುವ ದಿಕ್ಕನ್ನು ಹೇಳುತ್ತವೆ. ನೀರು ಬಿಡುವ ಪರೀಕ್ಷೆ (ಇದನ್ನು ವಿವರಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು) ಮುಖ್ಯವಾಗಿ ಒಂದೇ ನಾಳವನ್ನು, ಅಡ್ಡಡ್ಡ ಇರುವುದನ್ನು ನೋಡುತ್ತದೆ. ನೆಟ್ಟಗೆ ಯಾವುದು ಅನ್ನೋ ಅಂದಾಜು ಬಕೆಟ್‌ನಲ್ಲಿ ಗೊತ್ತಾಗುತ್ತದೆ. ಬಕೆಟ್ ಯಾಕೆ ಅಂದರೆ ಬಾಗಿಲು, ಗೋಡೆ, ಕಿಟಕಿ ಯಾವುದೂ ಕಣ್ಣಿಗೆ ಬೀಳಬಾರದು. ಬಿದ್ದರೆ ಕಣ್ಣು ಅದನ್ನೇ ನೋಡಿ ಸರಿ ಮಾಡಿಬಿಡುತ್ತದೆ.

ಆರೋಗ್ಯವಂತರು ಸುಮಾರು 2, 2.5 ಡಿಗ್ರಿ ಒಳಗೇ ಹೇಳುತ್ತಾರೆ. ಬಲಕಿವಿ ಸುಮ್ಮನಾದಾಗ ಎಡದ ಸಂಕೇತ ಮಾತ್ರ ಬರುತ್ತದೆ, ಎರಡೂ ಕಣ್ಣುಗುಡ್ಡೆ ಬಲಕ್ಕೆ ಸ್ವಲ್ಪ ಹೊರಳುತ್ತವೆ, ಹಾಗಾಗಿ ಬಲಕ್ಕೆ ವಾಲಿದ ಗೆರೆಯೇ ನೆಟ್ಟಗೆ ಕಾಣುತ್ತದೆ. ವಾರಗಳು ಕಳೆದಂತೆ ಮಿದುಳು ಇದನ್ನು ಹೊಂದಿಸಿಕೊಳ್ಳುತ್ತದೆ. ನರ ಪೂರ್ತಿ ಸರಿಹೋಗದೇ ಇದ್ದರೂ ಅಂಕಿ ಸರಿಗೆ ಬರಬಹುದು! ಅಂದರೆ 1.5 ಅನ್ನೋದು ಸುಮ್ಮನೆ ಕೂತಾಗಿನ ಲೆಕ್ಕ. ತಲೆ ಆಡಿದಾಗ ಏನಾಗುತ್ತೆ ಅಂತ ಬೇರೆಯೇ ನೋಡಬೇಕು. ಅದಕ್ಕೆ ಹೆಡ್ ಇಂಪಲ್ಸ್ ಟೆಸ್ಟ್ (ಕಣ್ಣು ಒಂದೇ ಕಡೆ ಇಟ್ಟಿರುವಾಗ ತಲೆಯನ್ನು ಥಟ್ಟನೆ ತಿರುಗಿಸಿ ನೋಡುವುದು) ಇದೆ, 1988ರಲ್ಲಿ ಹಾಲ್ಮಾಗಿ ಮತ್ತು ಕರ್ಥಾಯ್ಸ್ ವಿವರಿಸಿದ್ದು. ಈಗ ಕ್ಯಾಮೆರಾ ಇರುವ ಕನ್ನಡಕ ಹಾಕಿ ಮಾಡುತ್ತಾರೆ. ಆಗಿದೆಯಾ ಅಂತ ಕೇಳಿ.

ಪುಣೆ ಕನ್ನಡತಿ:
ನನಗೂ ಇದೇ ಆಗಿತ್ತು, ಎಡಕಿವಿಗೆ. ಜನ ಎದುರು ಬಂದರೆ ತೂರಾಡೋದು ಅಂದಿರಲ್ಲ, ಅದು ಭಯ ಮಾತ್ರ ಅಲ್ಲ, ದಯವಿಟ್ಟು ಅಮ್ಮನಿಗೆ ಹಾಗೆ ಹೇಳಬೇಡಿ. ಕಿವಿ ಕೈಕೊಟ್ಟಾಗ ಮಿದುಳು ಕಣ್ಣನ್ನೇ ಜಾಸ್ತಿ ನಂಬಿಕೊಂಡಿರುತ್ತದೆ, ಎದುರಿಗೆ ಎಲ್ಲ ಚಲಿಸಿದರೆ ತಾನೇ ಚಲಿಸಿದ ಹಾಗಾಗುತ್ತದೆ. ನನಗೆ ಗೆರೆಯ ಹಿಂದೆ ಚುಕ್ಕಿಗಳನ್ನು ತಿರುಗಿಸಿ ಪರೀಕ್ಷಿಸಿದ್ದರು. ಚುಕ್ಕಿ ನಿಂತಿದ್ದಾಗ ಸರಿಯಾಗಿ ಹೇಳಿದೆ, ತಿರುಗತೊಡಗಿದ ಮೇಲೆ ಗೆರೆ ಅವುಗಳ ಜೊತೆಗೇ ವಾಲಿಹೋಯಿತು.

ಫಿಸಿಯೋಥೆರಪಿಸ್ಟ್ ಕೊಟ್ಟ ವ್ಯಾಯಾಮ ಸರಳ. ಗೋಡೆಗೆ ಒಂದು ಅಕ್ಷರ ಅಂಟಿಸಿ, ಕಣ್ಣು ಅದರ ಮೇಲೇ ಇಟ್ಟು ತಲೆ ಮಾತ್ರ ಆಚೀಚೆ. ಮೊದಮೊದಲು ಹೊಟ್ಟೆ ತೊಳಸುತ್ತದೆ, ನಿಲ್ಲಿಸಬಾರದು. ನಡಿಗೆಯೂ ಹಾಗೇ ಏರಿಸಿದೆ: ಸಾರಸ್‌ಬಾಗ್‌ನಲ್ಲಿ ಬೆಳಿಗ್ಗೆ, ಆಮೇಲೆ ಸಂಜೆ ಲಕ್ಷ್ಮೀ ರೋಡ್. ಇನ್ನೊಂದು, ತಲೆಸುತ್ತು, ವಾಂತಿ ತಡೆಯುವ ಪ್ರೋಕ್ಲೋರ್‌ಪೆರಜಿನ್ ಥರದ ಮಾತ್ರೆ ಇನ್ನೂ ನಡೀತಾ ಇದ್ದರೆ ಡಾಕ್ಟರನ್ನು ಕೇಳಿ. ಅದು ಶುರುವಿನ ದಿನಗಳಿಗೆ, ಉದ್ದಕ್ಕೂ ತಗೊಂಡರೆ ಮಿದುಳು ಹೊಂದಿಕೊಳ್ಳೋದೇ ತಡವಾಗುತ್ತೆ.

ಡೊಂಬಿವಲಿ ಈಸ್ಟ್:
ಇಬ್ಬರಿಗೂ ಧನ್ಯವಾದ. ಆ ಮಾತ್ರೆ ಇನ್ನೂ ನಡೀತಾನೇ ಇದೆ, ನಾಳೆಯೇ ಫೋನ್ ಮಾಡುತ್ತೇನೆ. ಬಕೆಟ್ ನಾವೇ ಮಾಡಿ ಮನೆಯಲ್ಲಿ ವಾರಕ್ಕೊಮ್ಮೆ ನೋಡಬಹುದಾ?

ಮುಲುಂಡ್ ಆಡಿಯಾಲಜಿ:
ಮಾಡೋದು ಸುಲಭ, ಆದರೆ ಆ ಅಂಕಿ ಹಿಡಿದು ನೀವೇ ತೀರ್ಮಾನ ಮಾಡಬೇಡಿ. ಗೆರೆ ವಾಲುವುದು ಕಿವಿಯಿಂದ ಮಾತ್ರ ಅಲ್ಲ, ಮಿದುಳುಕಾಂಡದ ಸ್ಟ್ರೋಕ್‌ನಲ್ಲೂ ವಾಲುತ್ತದೆ. ತಲೆಸುತ್ತಿನ ಜೊತೆ ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ಒಂದು ಕಡೆ ಶಕ್ತಿ ಹೋದರೆ, ಹಿಡಿದುಕೊಂಡರೂ ನಿಲ್ಲಲಾಗದಿದ್ದರೆ ಬಕೆಟ್ ಬಿಟ್ಟು ನೇರ ಎಮರ್ಜೆನ್ಸಿಗೆ ಹೋಗಿ. ಉಳಿದಂತೆ ಅಮ್ಮನನ್ನು ಮಧ್ಯಾಹ್ನ ಖಾಲಿ ಇರುವ ಲೋಕಲ್‌ನಲ್ಲಿ ಠಾಣೆವರೆಗೆ ಕರೆದುಕೊಂಡು ಹೋಗಿ ಬನ್ನಿ, ಮೊದಲು ಕೂತು, ಆಮೇಲೆ ಕಂಬ ಹಿಡಿದು ನಿಂತು.