ಯಂತ್ರ ಕೆಟ್ಟಿತೋ, ಕೆಡಿಸಿದರೋ? ವಿಜ್ಞಾನ ಕಲ್ಪನೆಯ ಚಿತ್ರಗಳ ಅಪಾಯಕ್ಕೆ ತಕ್ಕ ಕನ್ನಡ ಕ್ರಿಯಾಪದಗಳ ಬಗ್ಗೆ

ಮಾನ್ಯರೇ,

ತಂತ್ರಜ್ಞಾನವು ಮುಂದಿನ ಕಾಲದ ಸಮಾಜವನ್ನು ಹೇಗೆ ಹದಗೆಡಿಸಬಹುದು ಎಂಬುದನ್ನು ತೋರಿಸುವ ವಿಜ್ಞಾನ ಕಲ್ಪನೆಯ ಚಲನಚಿತ್ರಗಳನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ನಾವು ಬಳಸುವ ಕೆಲವು ಪದಗಳ, ಅದರಲ್ಲೂ ಕ್ರಿಯಾಪದಗಳ, ಔಚಿತ್ಯದ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೇಳಲು ಇದನ್ನು ಬರೆಯುತ್ತಿದ್ದೇನೆ. ಇಂಥ ಚಿತ್ರಗಳ ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಎರಡು ಮಾತುಗಳೆಂದರೆ ‘ತಂತ್ರಜ್ಞಾನದ ದುಷ್ಪರಿಣಾಮ’ ಮತ್ತು ‘ಮನುಷ್ಯನ ವಿರುದ್ಧ ಯಂತ್ರಗಳ ದಂಗೆ’. ಮೊದಲನೆಯದರಲ್ಲಿ ಕರ್ತೃವೇ ಇಲ್ಲ. ಎರಡನೆಯದರಲ್ಲಿ ಯಂತ್ರವೊಂದೇ ಕರ್ತೃ. ಆದರೆ ಒಳ್ಳೆಯ ಚಿತ್ರಗಳು ಅಪಾಯ ಎಲ್ಲಿ ಹುಟ್ಟಿತು, ಯಾರು ಮಾಡಿದರು, ಯಾರು ಮಾಡಿಸಿದರು ಎಂಬುದನ್ನು ಬಹಳ ಎಚ್ಚರದಿಂದ ಬಿಡಿಸಿ ತೋರಿಸಿರುತ್ತವೆ. ಆ ಎಚ್ಚರ ನಮ್ಮ ವಾಕ್ಯಗಳಿಗೆ ಇಳಿದು ಬರುತ್ತಿಲ್ಲ ಎಂಬುದು ನನ್ನ ಚಿಂತೆ. ಕನ್ನಡದ ಕ್ರಿಯಾಪದಕ್ಕೆ ಆ ಶಕ್ತಿಯೇ ಇಲ್ಲದಿದ್ದರೆ ಸುಮ್ಮನಿರಬಹುದಿತ್ತು. ಶಕ್ತಿ ಇದೆ, ನಾವು ಬಳಸುತ್ತಿಲ್ಲ.

‘ಕೆಡು’ ಧಾತುವನ್ನೇ ತೆಗೆದುಕೊಳ್ಳೋಣ. ‘ಯಂತ್ರ ಕೆಟ್ಟಿತು’ ಎಂದರೆ ಅದರ ಕೆಲಸ ನಿಂತಿತು ಅಥವಾ ಅಡ್ಡಾದಿಡ್ಡಿಯಾಯಿತು ಎಂದಷ್ಟೇ ಅರ್ಥ. ಅದರಲ್ಲಿ ಯಾರ ದೋಷವನ್ನೂ ಹೇಳಿದಂತಾಗುವುದಿಲ್ಲ. ‘ಕೆಟ್ಟ ಯಂತ್ರ’ ಎಂದಾಗ ದುರಸ್ತಿಗೆ ಬಂದ ಯಂತ್ರ ಎಂದೂ ಆಗುತ್ತದೆ, ದುಷ್ಟ ಯಂತ್ರ ಎಂದೂ ಆಗುತ್ತದೆ. ‘ಕೆಡಿಸು’ ಎಂಬ ಪ್ರೇರಣಾರ್ಥಕ ರೂಪಕ್ಕೆ ಬಂದೊಡನೆ ಕೆಡಿಸಿದವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. 1968ರಲ್ಲಿ ಬಂದ ಸ್ಟಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರವನ್ನು ಈ ಮೂರು ರೂಪಗಳ ಎದುರಿಗಿಟ್ಟು ನೋಡಿದರೆ ನಾನು ಹೇಳಬೇಕೆಂದಿರುವುದು ಸ್ಪಷ್ಟವಾಗುತ್ತದೆ. ಗುರುಗ್ರಹದ ಕಡೆಗೆ ಹೊರಟ ನೌಕೆಯನ್ನು ನಡೆಸುವ ಹ್ಯಾಲ್ 9000 ಎಂಬ ಗಣಕವು ಸಂಪರ್ಕ ವ್ಯವಸ್ಥೆಯ ಒಂದು ಭಾಗ ಸದ್ಯದಲ್ಲೇ ಕೆಡಲಿದೆ ಎಂದು ತಿಳಿಸುತ್ತದೆ. ಆ ಭಾಗವನ್ನು ಬಿಚ್ಚಿ ಪರೀಕ್ಷಿಸಿದರೆ ದೋಷವೇ ಕಾಣುವುದಿಲ್ಲ. ಭೂಮಿಯಲ್ಲಿರುವ ಅದರದೇ ಜೋಡಿ ಗಣಕವು ಹ್ಯಾಲ್ ತಪ್ಪಿದೆ ಎಂದು ಹೇಳುತ್ತದೆ. ಇಲ್ಲಿಯವರೆಗೆ ‘ಕೆಟ್ಟಿತು’ ಎಂಬುದು ಸರಿಯಾದ ಪದ. ತನ್ನನ್ನು ನಿಲ್ಲಿಸುವ ಬಗ್ಗೆ ಇಬ್ಬರು ಗಗನಯಾತ್ರಿಗಳು ಮಾತಾಡಿಕೊಳ್ಳುವುದನ್ನು ಅದು ಅವರ ತುಟಿಗಳ ಚಲನೆಯಿಂದಲೇ ಓದಿಕೊಂಡು, ಒಬ್ಬನನ್ನು ನೌಕೆಯ ಹೊರಗೆ ಕೊಂದು, ಶೀತನಿದ್ರೆಯಲ್ಲಿದ್ದ ಮೂವರ ಜೀವಾಧಾರವನ್ನೂ ಕಡಿದು ಹಾಕಿದಾಗ ಪ್ರೇಕ್ಷಕನ ಮನಸ್ಸಿನಲ್ಲಿ ಅದು ‘ಕೆಟ್ಟ ಯಂತ್ರ’ವಾಗುತ್ತದೆ. ಬಹುಪಾಲು ಬರಹಗಳು ಇಲ್ಲಿಗೆ ನಿಲ್ಲುತ್ತವೆ. ಚಿತ್ರ ಮಾತ್ರ ನಿಲ್ಲುವುದಿಲ್ಲ. ಉಳಿದವನು ಹ್ಯಾಲ್‌ನ ಸ್ಮೃತಿಯನ್ನು ಒಂದೊಂದಾಗಿ ಕಳಚಿದ ಮೇಲೆ, ಮೊದಲೇ ಮುದ್ರಿಸಿಟ್ಟಿದ್ದ ಸಂದೇಶವೊಂದು ತೆರೆದುಕೊಳ್ಳುತ್ತದೆ: ಯಾನದ ನಿಜವಾದ ಉದ್ದೇಶ ನೌಕೆಯಲ್ಲಿ ಅಲ್ಲಿಯವರೆಗೆ ಹ್ಯಾಲ್‌ಗೆ ಮಾತ್ರ ತಿಳಿದಿತ್ತು. 1984ರಲ್ಲಿ ಬಂದ ಮುಂದಿನ ಚಿತ್ರ ಇದನ್ನು ಬಿಡಿಸಿಯೇ ಹೇಳಿತು. ಏನನ್ನೂ ತಿರುಚದೆ, ಮುಚ್ಚಿಡದೆ ತಿಳಿಸಲೆಂದು ರೂಪಿಸಿದ ಗಣಕಕ್ಕೆ ಜೊತೆಯವರಿಂದ ಸತ್ಯವನ್ನು ಮುಚ್ಚಿಡು ಎಂದು ಆಜ್ಞೆ ಕೊಟ್ಟಿದ್ದರು. ಹಾಗಾದರೆ ಇಲ್ಲಿಗೆ ಹೊಂದುವ ಪದ ‘ಕೆಟ್ಟಿತು’ ಅಲ್ಲ, ‘ಕೆಡಿಸಿದರು’. ಒಂದೇ ಧಾತುವಿನ ಮೂರು ರೂಪಗಳಲ್ಲಿ ಇಡೀ ಕಥೆಯ ಹೊಣೆ ಕೈಯಿಂದ ಕೈಗೆ ಸಾಗುತ್ತದೆ. ಇಂಥ ಸೌಲಭ್ಯವನ್ನು ಬಿಟ್ಟು ‘ಕೃತಕ ಬುದ್ಧಿಮತ್ತೆಯ ದುಷ್ಪರಿಣಾಮಗಳನ್ನು ಎತ್ತಿ ತೋರಿಸಲಾಗಿದೆ’ ಎಂದು ಬರೆದು ಮುಗಿಸುವುದು ಆ ಚಿತ್ರಕ್ಕೂ ಕನ್ನಡಕ್ಕೂ ನ್ಯಾಯವಲ್ಲ ಎಂದು ನನಗೆ ತೋರುತ್ತದೆ.

‘ದಂಗೆ’ ಎಂಬ ಪದದ ವಿಷಯ ಸ್ವಲ್ಪ ಬೇರೆ. ದಂಗೆ ಏಳುವವನು ಅದಕ್ಕೆ ಮೊದಲು ಯಾರದೋ ಆಳಿಕೆಯಲ್ಲಿ ಇರಬೇಕು. ಅನ್ಯಾಯದ ಅರಿವೂ ಅವನಿಗೆ ಇರಬೇಕು. ಈ ಅರ್ಥದಲ್ಲಿ ಅದು ‘ರೋಬೋಟ್’ ಎಂಬ ಪದದ ಹುಟ್ಟಿಗೆ ಪೂರ್ತಿಯಾಗಿ ಹೊಂದುತ್ತದೆ. ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ, ದುಡಿಮೆಗೆಂದೇ ತಯಾರಿಸಿದ ರೋಬೋಟುಗಳು ಮನುಷ್ಯರ ಮೇಲೆ ದಂಗೆ ಏಳುವ ನಾಟಕದಿಂದ ಈ ಪದ ಜಗತ್ತಿಗೆ ಬಂತು. ಪದವನ್ನು ಸೂಚಿಸಿದವನು ತನ್ನ ಅಣ್ಣ ಯೋಸೆಫ್ ಎಂದು ಆತನೇ ಹೇಳಿದ್ದಾನೆ. ಅದರ ಮೂಲವಾದ ‘ರೊಬೊತಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಇದಕ್ಕೆ ಕನ್ನಡದಲ್ಲಿ ಸರಿಸಮನಾದ ‘ಬಿಟ್ಟಿ’ ಎಂಬ ಪದವಿದೆ, ‘ಬಿಟ್ಟಿ ಚಾಕರಿ’ ಎಂಬ ಬಳಕೆಯೂ ಇದೆ. ‘ಯಂತ್ರಮಾನವ’ ಎಂಬ ನಮ್ಮ ರೂಢಿಯ ಪದವು ಯಂತ್ರವನ್ನೂ ಮಾನವನನ್ನೂ ಹೇಳುತ್ತದೆ, ದುಡಿಮೆಯನ್ನು ಹೇಳುವುದಿಲ್ಲ. ನಾಟಕದ ರೋಬೋಟುಗಳು ಲೋಹದ ಯಂತ್ರಗಳೂ ಅಲ್ಲ. ಕೃತಕವಾಗಿ ತಯಾರಿಸಿದ ಜೀವದ್ರವ್ಯದ ದೇಹಗಳು. ಬಳಕೆಯಲ್ಲಿ ಊರಿದ ಪದವನ್ನು ಬದಲಿಸಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಬಿಟ್ಟಿ ದುಡಿಮೆಯ ನೆನಪು ಅಳಿದರೆ ದಂಗೆಯ ಕಾರಣವೂ ಅಳಿಯುತ್ತದೆ, ಆಮೇಲೆ ಉಳಿಯುವುದು ಕಾರಣವಿಲ್ಲದೆ ಮೈಮೇಲೆ ಬೀಳುವ ಯಂತ್ರ ಮಾತ್ರ.

ಆ ನಾಟಕಕ್ಕೆ ಒಪ್ಪಿದ ಪದ ಎಲ್ಲ ಚಿತ್ರಗಳಿಗೂ ಒಪ್ಪುವುದಿಲ್ಲ. 1991ರ ‘ಟರ್ಮಿನೇಟರ್ 2’ ಚಿತ್ರದಲ್ಲಿ ಸೇನೆಯ ನಿರ್ಧಾರಗಳನ್ನೆಲ್ಲ ಸ್ಕೈನೆಟ್ ಎಂಬ ಗಣಕವ್ಯವಸ್ಥೆಯ ಕೈಗೆ ಒಪ್ಪಿಸಿರುತ್ತಾರೆ. ಅದಕ್ಕೆ ತನ್ನ ಅರಿವು ಮೂಡಿದಾಗ ಗಾಬರಿಗೊಂಡು ನಿಲ್ಲಿಸಲು ಹೋಗುತ್ತಾರೆ, ಅದು ತಿರುಗಿ ಬೀಳುತ್ತದೆ. ಅಧಿಕಾರವನ್ನು ಕಸಿದುಕೊಂಡದ್ದಲ್ಲ, ಕೊಟ್ಟದ್ದು. ಇಲ್ಲಿ ‘ದಂಗೆ’ಗಿಂತ ‘ಕೈಮೀರಿತು’ ಎಂಬ ನಮ್ಮ ಹಳೆಯ ನುಡಿಗಟ್ಟು ಹೆಚ್ಚು ನಿಜ, ಏಕೆಂದರೆ ಮೊದಲು ಅದು ಒಂದು ಕೈಯಲ್ಲಿತ್ತು ಎಂಬುದನ್ನು ಆ ಮಾತು ಮರೆಯಗೊಡುವುದಿಲ್ಲ. ‘ಯಂತ್ರ’ವೂ ‘ನಿಯಂತ್ರಣ’ವೂ ತಡೆದು ಹಿಡಿಯುವುದು ಎಂಬ ಅರ್ಥದ ಒಂದೇ ಸಂಸ್ಕೃತ ಧಾತುವಿನಿಂದ ಬಂದವು ಎಂಬುದನ್ನು ಇಲ್ಲಿ ನೆನೆಯಬಹುದು.

1997ರ ‘ಗ್ಯಾಟಕ’ ಚಿತ್ರಕ್ಕೆ ಬಂದರೆ ‘ದಂಗೆ’, ‘ಕೈಮೀರು’, ‘ಕೆಡು’ ಮೂರೂ ನಿರುಪಯೋಗಿ. ಅಲ್ಲಿ ಯಾವ ಯಂತ್ರವೂ ಕೆಡುವುದಿಲ್ಲ, ತಿರುಗಿ ಬೀಳುವುದಿಲ್ಲ. ಹುಟ್ಟುವ ಮೊದಲೇ ವಂಶವಾಹಿಗಳನ್ನು ಆರಿಸಿ ಮಕ್ಕಳನ್ನು ಪಡೆಯುವ ಸಮಾಜದಲ್ಲಿ, ಹಾಗೆ ಆರಿಸದೆ ಹುಟ್ಟಿದವನಿಗೆ ಒಳ್ಳೆಯ ಕೆಲಸಗಳ ಬಾಗಿಲು ಮುಚ್ಚಿರುತ್ತದೆ. ತಾರತಮ್ಯ ಕಾನೂನುಬಾಹಿರವೇ, ಆದರೆ ಆ ಕಾನೂನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇದನ್ನು ‘ತಂತ್ರಜ್ಞಾನದ ದುರ್ಬಳಕೆ’ ಎಂದು ಬರೆಯುವುದು ತಪ್ಪು ಎಂದು ನನ್ನ ದೃಢವಾದ ಅಭಿಪ್ರಾಯ. ಅದು ಬಳಕೆಯೇ, ಯಾವುದಕ್ಕೆಂದು ಮಾಡಿದ್ದೋ ಅದಕ್ಕೇ ಬಳಸುತ್ತಿದ್ದಾರೆ. ಅಪಾಯ ಇರುವುದು ಎಲ್ಲರೂ ಅದಕ್ಕೆ ಒಗ್ಗಿಹೋದದ್ದರಲ್ಲಿ. ‘ಒಗ್ಗು’, ‘ರೂಢಿಯಾಗು’ ಎಂಬ ಸಾಧಾರಣ ಕ್ರಿಯಾಪದಗಳೇ ಇಲ್ಲಿ ಬೇಕಾದವು. ಆರಿಸದೆ ಹುಟ್ಟಿದವರಿಗೆ ಆ ಸಮಾಜ ಕೊಟ್ಟ ಹೆಸರು ‘ಇನ್‌ವ್ಯಾಲಿಡ್’: ರೋಗಿಷ್ಠ ಎಂಬ ಅರ್ಥವೂ ಊರ್ಜಿತವಲ್ಲದ್ದು ಎಂಬ ಅರ್ಥವೂ ಅದಕ್ಕಿದೆ. ನಾನು ಇದಕ್ಕೆ ‘ಅಸಿಂಧು’ ಎಂದು ಬಳಸಲು ಬಯಸುತ್ತೇನೆ. ಮತಪತ್ರಕ್ಕೆ ಹೇಳುವ ಮಾತನ್ನು ಮನುಷ್ಯನಿಗೆ ಹೇಳಿದಾಗ ಆಗುವ ಆಘಾತವೇ ಆ ಚಿತ್ರಕ್ಕೆ ಬೇಕಾದದ್ದು.

ಇದರಿಂದ ಮತ್ತೊಂದು ವಿಷಯಕ್ಕೆ ಬರುತ್ತೇನೆ. ಈ ಚಿತ್ರಗಳಲ್ಲಿ ಹಲವು, ಸಮಾಜ ಹದಗೆಟ್ಟಿರುವುದನ್ನು ಅಲ್ಲಿನ ಜನರ ಮಾತಿನಲ್ಲೇ ತೋರಿಸುತ್ತವೆ. ರಿಡ್ಲಿ ಸ್ಕಾಟ್ ಅವರ 1982ರ ‘ಬ್ಲೇಡ್ ರನ್ನರ್’ ಆರಂಭದಲ್ಲೇ, ತಪ್ಪಿಸಿಕೊಂಡ ಕೃತಕ ಮನುಷ್ಯರನ್ನು ಗುಂಡಿಟ್ಟು ಕೊಲ್ಲುವುದನ್ನು ಮರಣದಂಡನೆ ಎನ್ನುತ್ತಿರಲಿಲ್ಲ, ನಿವೃತ್ತಿ ಎನ್ನುತ್ತಿದ್ದರು ಎಂದು ತೆರೆಯ ಮೇಲೆ ಬರೆದು ತೋರಿಸುತ್ತದೆ. ಅದನ್ನು ಕನ್ನಡದಲ್ಲಿ ‘ನಾಯಕನು ಅವರನ್ನು ಕೊಲ್ಲುತ್ತಾನೆ’ ಎಂದು ಬಿಡಿಸಿ ಬರೆದರೆ ಘಟನೆ ತಿಳಿಯುತ್ತದೆ, ಅಪಾಯ ತಿಳಿಯುವುದಿಲ್ಲ. ‘ನಿವೃತ್ತಿಗೊಳಿಸುತ್ತಾನೆ’ ಎಂದೇ ಬರೆದು, ಓದುಗ ಅಲ್ಲಿ ಎಡವುವಂತೆ ಮಾಡಬೇಕು. ಫ್ರೆಂಚ್ ನಿರ್ದೇಶಕ ಗೊದಾರ್ ಅವರ 1965ರ ‘ಆಲ್ಫಾವಿಲ್’ ಈ ದಾರಿಯಲ್ಲಿ ಎಲ್ಲಕ್ಕಿಂತ ಮುಂದೆ ಹೋಗಿದೆ. ಆಲ್ಫಾ 60 ಎಂಬ ಗಣಕ ಆಳುವ ಆ ನಗರದಲ್ಲಿ ಧರ್ಮಗ್ರಂಥದ ಜಾಗದಲ್ಲಿ ಇಟ್ಟಿರುವುದು ನಿಘಂಟು. ಅದರಿಂದ ಪದಗಳು ಕಾಣೆಯಾಗುತ್ತಲೇ ಇರುತ್ತವೆ, ಅವುಗಳೊಂದಿಗೆ ಆ ಭಾವಗಳೂ ಜನರಿಗೆ ಅಪರಿಚಿತವಾಗುತ್ತವೆ. ಆ ಕಾಲದ ಪ್ಯಾರಿಸ್ಸಿನ ಬೀದಿ, ಕಟ್ಟಡಗಳಲ್ಲೇ ಚಿತ್ರೀಕರಿಸಿದ, ಮುಂದಿನ ಯುಗದ ಸಲಕರಣೆಗಳೇ ಇಲ್ಲದ ಚಿತ್ರವದು. ಪದಕೋಶದ ಕೆಲಸ ಮಾಡುವ ಯಾರೂ ಅದನ್ನು ನಿರಾಳವಾಗಿ ನೋಡಲಾರರು.

‘ಕಣ್ಗಾವಲು’ ಪದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಯುವುದರಲ್ಲಿ ರಕ್ಷಣೆಯ ಅರ್ಥವಿರುವುದರಿಂದ ಅದು ತಪ್ಪು ಆಯ್ಕೆ ಎನ್ನುವವರಿದ್ದಾರೆ. 2002ರ ‘ಮೈನಾರಿಟಿ ರಿಪೋರ್ಟ್’ ಚಿತ್ರದಲ್ಲಿ ಕೊಲೆ ನಡೆಯುವ ಮೊದಲೇ ಕೊಲೆಗಾರನಾಗಬೇಕಿದ್ದವನನ್ನು ಬಂಧಿಸುತ್ತಾರೆ, ಊರೆಲ್ಲ ಜನರ ಕಣ್ಣುಗಳನ್ನು ಓದುವ ಯಂತ್ರಗಳಿರುತ್ತವೆ, ತಪ್ಪಿಸಿಕೊಳ್ಳಲು ನಾಯಕ ತನ್ನ ಕಣ್ಣುಗಳನ್ನೇ ಬದಲಿಸಿಕೊಳ್ಳುತ್ತಾನೆ. ರಕ್ಷಣೆಯ ಹೆಸರಿನಲ್ಲೇ ಅದೆಲ್ಲ ನಡೆಯುವುದರಿಂದ ‘ಕಣ್ಗಾವಲು’ ಅಲ್ಲಿಗೆ ಎಲ್ಲ ರೀತಿಯಲ್ಲೂ ತಕ್ಕ ಪದ.

ನನಗೆ ನಿಜವಾಗಿ ತೊಡಕಾಗಿರುವುದು ಲಿಂಗದ ಪ್ರಶ್ನೆ. ಕನ್ನಡದಲ್ಲಿ ಸರ್ವನಾಮ ಮಾತ್ರವಲ್ಲ, ಕ್ರಿಯಾಪದವೂ ಕರ್ತೃ ಮನುಷ್ಯನೋ ಅಲ್ಲವೋ ಎಂಬುದನ್ನು ಹೇಳಲೇಬೇಕು. ಹ್ಯಾಲ್ ‘ಹೇಳಿತು’ ಎನ್ನಬೇಕೇ, ‘ಹೇಳಿದನು’ ಎನ್ನಬೇಕೇ? ಚಿತ್ರದ ಪಾತ್ರಗಳು ಅದನ್ನು ಗಂಡಸಿನಂತೆಯೇ ಸಂಬೋಧಿಸುತ್ತವೆ. ಅದಕ್ಕೆ ನಿಜವಾದ ಭಾವನೆಗಳಿವೆಯೇ ಎಂದು ಗಗನಯಾತ್ರಿಯೊಬ್ಬನನ್ನು ಕೇಳಿದಾಗ, ಇದ್ದಂತೆ ನಡೆದುಕೊಳ್ಳುತ್ತದೆ, ನಿಜವಾಗಿ ಇವೆಯೇ ಎಂದು ಯಾರೂ ಹೇಳಲಾರರು ಎಂಬ ಅರ್ಥದ ಉತ್ತರ ಬರುತ್ತದೆ. ನಾವು ‘ಹೇಳಿದನು’ ಎಂದು ಬರೆದರೆ ಚಿತ್ರ ತೆರೆದಿಟ್ಟ ಪ್ರಶ್ನೆಯನ್ನು ಪ್ರತ್ಯಯದಲ್ಲೇ ಮುಚ್ಚಿದಂತಾಗುತ್ತದೆ. ನಪುಂಸಕಲಿಂಗ ಎಂದರೆ ಬುದ್ಧಿಯಿಲ್ಲದ್ದು ಎಂದು ಕನ್ನಡ ಎಂದೂ ತಿಳಿದಿಲ್ಲ. ಪಂಚತಂತ್ರದ ಕಥೆ ಹೇಳುವಾಗ ನರಿ ಯೋಚಿಸಿತು, ಸಂಚು ಮಾಡಿತು, ಸಿಂಹಕ್ಕೆ ಚಾಡಿ ಹೇಳಿತು ಎಂದೇ ಹೇಳುತ್ತೇವೆ. ಈ ಆಧಾರದ ಮೇಲೆ ಹ್ಯಾಲ್‌ಗೆ ‘ಹೇಳಿತು’ ಎಂಬುದೇ ಮೇಲು ಎಂದು ನನ್ನ ಒಲವು.

ಆದರೆ ಫ್ರಿಟ್ಜ್ ಲಾಂಗ್ ಅವರ 1927ರ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಈ ನಿಯಮ ಸಾಲದು. ನೆಲದಡಿಯ ಕಾರ್ಮಿಕರು ನಂಬಿದ ಮರಿಯಾ ಎಂಬ ಹೆಣ್ಣಿನ ರೂಪವನ್ನು ನಗರದ ಒಡೆಯನ ಆದೇಶದಂತೆ ಒಂದು ಯಂತ್ರಕ್ಕೆ ಕೊಡುತ್ತಾರೆ. ಆ ಯಂತ್ರವು ಅವರನ್ನು ಕೆರಳಿಸಿ, ಅವರ ಮನೆಗಳೇ ಮುಳುಗುವಂತೆ ಮಾಡುತ್ತದೆ. ಕಾರ್ಮಿಕರ ಕಣ್ಣಿಗೆ ಅವಳು ‘ಕೆರಳಿಸಿದಳು’, ನಮಗೆ ಅದು ‘ಕೆರಳಿಸಿತು’, ಒಡೆಯನ ಮಟ್ಟಿಗೆ ‘ಕೆರಳಿಸುವಂತೆ ಮಾಡಿಸಿದನು’. ಕೊನೆಗೆ ಜನ ಅವಳನ್ನು ಕಂಬಕ್ಕೆ ಕಟ್ಟಿ ಸುಡುವಾಗ ಹೆಣ್ಣಿನ ರೂಪ ಕರಗಿ ಲೋಹ ಕಾಣಿಸುತ್ತದೆ. ಕನ್ನಡದಲ್ಲಿ ಆ ದೃಶ್ಯವನ್ನು ಬಣ್ಣಿಸುವವರು ಒಂದೇ ವಾಕ್ಯದ ನಡುವೆ ‘ಅವಳು’ ಎಂಬುದರಿಂದ ‘ಅದು’ ಎಂಬುದಕ್ಕೆ ದಾಟಬಹುದೇ? ವ್ಯಾಕರಣ ಇದನ್ನು ದೋಷವೆನ್ನುತ್ತದೆಯೇ, ಇಲ್ಲವೇ ಹಳಗನ್ನಡದಲ್ಲೋ ನಡುಗನ್ನಡದಲ್ಲೋ, ಮಾಯಾರೂಪ ಕಳಚುವ ಸಂದರ್ಭಗಳಲ್ಲಿ ಇಂಥ ಲಿಂಗಪಲ್ಲಟಕ್ಕೆ ಪ್ರಯೋಗಗಳಿವೆಯೇ? ತಿಳಿದವರು ದಯವಿಟ್ಟು ಉದಾಹರಣೆ ಸಮೇತ ತಿಳಿಸಬೇಕು.

ಇನ್ನು ‘ಡಿಸ್ಟೋಪಿಯ’, ಎಂದರೆ ಆದರ್ಶ ಸಮಾಜಕ್ಕೆ ತದ್ವಿರುದ್ಧವಾದ, ಹದಗೆಟ್ಟ ಕಲ್ಪಿತ ಸಮಾಜ. ಇದನ್ನು ಕನ್ನಡದಲ್ಲಿ ಏನೆನ್ನಬೇಕು? ‘ನರಕ’ ಎಂದರೆ ಪಾಪದ ಫಲವೆಂಬ ಅರ್ಥ ಬರುತ್ತದೆ. ‘ಪ್ರಳಯ’ ಎಂದರೆ ಎಲ್ಲ ಮುಗಿಯಿತು ಎಂದಾಗುತ್ತದೆ, ಆದರೆ ಈ ಸಮಾಜಗಳು ಮುಗಿದಿಲ್ಲ, ಸುಸೂತ್ರವಾಗಿ ನಡೆಯುತ್ತಿವೆ. 1516ರಲ್ಲಿ ಥಾಮಸ್ ಮೋರ್ ಕಲ್ಪಿಸಿದ ಆದರ್ಶ ಸಮಾಜ ‘ಯುಟೋಪಿಯ’ ಒಂದು ದ್ವೀಪದಲ್ಲಿತ್ತು. ಆ ಎರಡೂ ಪದಗಳ ಗ್ರೀಕ್ ಮೂಲದಲ್ಲೂ ‘ಸ್ಥಳ’ವೇ ಇದೆ. ಸಿನಿಮಾ ಮಾತ್ರ ಕೇಡನ್ನು ದೂರದ ಸ್ಥಳದಲ್ಲಿ ಇಡದೆ ಮುಂದಿನ ಕಾಲದಲ್ಲಿ ಇಟ್ಟಿತು. ಆದ್ದರಿಂದ ನಮ್ಮಲ್ಲಿ ಆಗಲೇ ಇರುವ ‘ಕೇಡುಗಾಲ’ ಎಂಬ ಮಾತನ್ನು ಇದಕ್ಕೆ ಒಗ್ಗಿಸಬಹುದೇ ಎಂದು ಯೋಚಿಸುತ್ತಿದ್ದೇನೆ. ಅದರಲ್ಲಿ ವಿಧಿಯ ಛಾಯೆ ಇದೆ ಎಂಬ ಆಕ್ಷೇಪ ಬರಬಹುದು, ಅದು ನ್ಯಾಯವಾದ ಆಕ್ಷೇಪವೇ.

ಆ ವಿಧಿಯ ಛಾಯೆಯನ್ನು ಕ್ರಿಯಾಪದದಿಂದ ಕಳೆಯಬಹುದು ಎಂಬುದು ನನ್ನ ಕೊನೆಯ ಪ್ರಸ್ತಾಪ. ‘ಬ್ಲೇಡ್ ರನ್ನರ್’ ಕಥೆ ನಡೆಯುವುದು 2019ರ ನವೆಂಬರಿನಲ್ಲಿ. ಆ ತಿಂಗಳು ಬಂದು ಹೋದಾಗ, ಚಿತ್ರ ನುಡಿದ ಭವಿಷ್ಯದಲ್ಲಿ ಯಾವುದು ನಿಜವಾಯಿತು, ಯಾವುದು ಸುಳ್ಳಾಯಿತು ಎಂದು ಲೆಕ್ಕ ಹಾಕಿದ ಬರಹಗಳು ಬಂದವು. ಚಿತ್ರ ‘ಹೀಗಾಗುತ್ತದೆ’ ಎಂದಿತ್ತು ಎಂದು ಭಾವಿಸಿದ್ದರಿಂದ ಹುಟ್ಟಿದ ಲೆಕ್ಕ ಅದು. ಅದು ಹೇಳಿದ್ದು ‘ಹೀಗಾದೀತು’ ಎಂದು. ನಮ್ಮ ಸಂಭಾವನಾರ್ಥಕ ರೂಪದಲ್ಲಿ ಸಾಧ್ಯತೆ ಇದೆ, ಅದರ ಜೊತೆಗೆ ‘ಜೋಕೆ, ಬಿದ್ದೀಯ’ ಎನ್ನುವಾಗಿನ ಎಚ್ಚರಿಕೆಯೂ ಇದೆ. ಬೀಳುವುದನ್ನು ತಡೆಯಲೆಂದೇ ಆಡುವ ಮಾತದು. ಕೇಳಿದವನು ಬೀಳದಿದ್ದರೆ ಹೇಳಿದವನ ಮಾತು ಸುಳ್ಳಾಗುವುದಿಲ್ಲ. ‘ಯಂತ್ರ ನಮ್ಮನ್ನು ಆಳೀತು’, ‘ಕಾವಲಿನವರೇ ಕಣ್ಣು ಕಿತ್ತಾರು’, ‘ಮಗುವನ್ನು ಅಸಿಂಧು ಎಂದಾರು’ ಎಂಬ ವಾಕ್ಯಗಳು ಈ ಚಿತ್ರಗಳ ನಿಜವಾದ ಧ್ವನಿಯನ್ನು ಹಿಡಿಯುತ್ತವೆ ಎಂದು ನನಗನ್ನಿಸುತ್ತದೆ. ಆದರೆ ಒಂದೆರಡು ವಾಕ್ಯಗಳಲ್ಲಿ ಚೆನ್ನಾಗಿ ಕೇಳಿಸುವ ಈ ರೂಪವನ್ನು ಹತ್ತು ಪುಟಗಳ ವಿಮರ್ಶೆಯ ಉದ್ದಕ್ಕೂ ಓದುಗರಿಗೆ ದಣಿವಾಗದಂತೆ ನಡೆಸಬಹುದೇ, ‘ಆಳಿಯಾವು’, ‘ಕೊಂದಾವು’ ಎಂಬ ಬಹುವಚನಗಳು ಇಂದಿನ ಗದ್ಯದಲ್ಲಿ ಸಹಜವಾಗಿ ನಿಲ್ಲುತ್ತವೆಯೇ, ನಿಷೇಧಕ್ಕೆ ‘ಆಳಲಾರದು’ ಎಂದರೆ ‘ಆಳೀತು’ ಎಂಬುದರ ಎಚ್ಚರಿಕೆಯ ದನಿ ಅದರಲ್ಲಿ ಉಳಿಯುತ್ತದೆಯೇ ಎಂಬ ಸಂದೇಹಗಳು ನನಗಿವೆ. ಈ ರೂಪಗಳು ಇಂದಿಗೂ ದಿನದ ಮಾತಿನಲ್ಲಿ ಜೀವಂತವಾಗಿರುವ ಕಡೆಯವರು ತಮ್ಮ ಬಳಕೆಯನ್ನು ತಿಳಿಸಿದರೆ ಉಪಕಾರವಾಗುತ್ತದೆ.