ಪದ ಬೇಕು: ಮೀನಿಗೆ ಹಾಕುವ ‘ಟ್ಯಾಗ್’, ಅದರ ‘ಪಿಂಗ್’ (ನಾಳೆ ಅಚ್ಚಿಗೆ)

ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ಕಡಲ ಜೀವಿಗಳ ಓಡಾಟದ ಬಗ್ಗೆ ಒಂದು ಪ್ರದರ್ಶನ ಇದೆ. ಅದರ ಎಂಟು ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಏಳು ಮುಗಿದಿವೆ ಅನ್ನಬಹುದು, ಆದರೆ ಏಳರಲ್ಲೂ ಇದೇ ನಾಲ್ಕು ಪದಗಳ ಜಾಗ ಖಾಲಿ ಇದೆ: ಟ್ಯಾಗ್, ಪಿಂಗ್, ರಿಸೀವರ್, ಡಿಟೆಕ್ಷನ್.

ವಿಷಯ ಇಷ್ಟು. ಉಪ್ಪುನೀರಿನಲ್ಲಿ ರೇಡಿಯೋ ಅಲೆ ದೂರ ಹೋಗುವುದಿಲ್ಲ. ಸದ್ದು ಹೋಗುತ್ತದೆ, ಸೆಕೆಂಡಿಗೆ ಸುಮಾರು 1500 ಮೀಟರ್. ಅದಕ್ಕೇ ಮೀನಿನ ಹೊಟ್ಟೆಯೊಳಗೆ ಪುಟ್ಟ ಟ್ಯಾಗ್ ಇಟ್ಟು ಹೊಲಿಯುತ್ತಾರೆ. ಅದು ಒಂದೆರಡು ನಿಮಿಷಕ್ಕೊಮ್ಮೆ ತನ್ನ ನಂಬರನ್ನು ಪಿಂಗ್‌ಗಳ ಸಾಲಾಗಿ ಹೊರಡಿಸುತ್ತದೆ. ಬಹಳಷ್ಟು ಟ್ಯಾಗ್‌ಗಳು 69 ಕಿಲೋಹರ್ಟ್ಸ್‌ನವು, ನಮಗೆ ಕೇಳಿಸುವುದಿಲ್ಲ. ಸಮುದ್ರದ ತಳದಲ್ಲಿ ಭಾರ ಕಟ್ಟಿ ನಿಲ್ಲಿಸಿದ ರಿಸೀವರ್‌ಗೆ ಕೇಳಿಸುತ್ತದೆ. ಅದು ನಂಬರು, ದಿನ, ಹೊತ್ತು ಬರೆದಿಟ್ಟುಕೊಳ್ಳುತ್ತದೆ, ಇದೇ ಡಿಟೆಕ್ಷನ್.

ಆಮೆಯ ಚಿಪ್ಪಿಗೆ ಅಂಟಿಸುವ ಉಪಗ್ರಹ ಟ್ಯಾಗ್ ಬೇರೆ ಜಾತಿ. ಆಮೆ ಉಸಿರಿಗೆ ಮೇಲೆ ಬಂದಾಗ ಮಾತ್ರ ಅದು ಆರ್ಗೋಸ್ ಉಪಗ್ರಹಗಳಿಗೆ ಸುದ್ದಿ ಕಳಿಸುತ್ತದೆ.

ಮಕ್ಕಳೂ ಓದುವ ಫಲಕ. ದಯವಿಟ್ಟು ಬೇಗ.

9.31

ಟ್ಯಾಗ್: ಶ್ರವಣಾತೀತ ಸಂಕೇತ ಪ್ರೇಷಕ. ಪಿಂಗ್: ಸ್ಪಂದ. ರಿಸೀವರ್: ಗ್ರಾಹಕ. ಡಿಟೆಕ್ಷನ್: ಅಭಿಜ್ಞಾನ. ಪದಗಳು ಇವೆ. ಹುಡುಕುವ ತಾಳ್ಮೆ ಬೇಕು, ಅಷ್ಟೇ.

9.38

ಮೇಷ್ಟ್ರೇ, ಗ್ರಾಹಕ ಅಂದರೆ ಅಂಗಡಿಗೆ ಬರುವವರು. ‘ಸಮುದ್ರದ ತಳದಲ್ಲಿ ನೂರಾರು ಗ್ರಾಹಕರನ್ನು ಭಾರ ಕಟ್ಟಿ ಮುಳುಗಿಸಲಾಗಿದೆ’ ಅಂತ ಫಲಕದಲ್ಲಿ ಬಂದರೆ ಪೊಲೀಸರು ಬರುತ್ತಾರೆ.

9.52

ಮಕ್ಕಳಿಗೆ ಬರೆಯುವಾಗ ಸಂಸ್ಕ್ರುತ ಯಾಕೆ? ಟ್ಯಾಗ್ ಅಂದರೆ ಬಿಲ್ಲೆ. ಸದ್ದು ಮಾಡುವುದು ದನಿಬಿಲ್ಲೆ. ಉಪಗ್ರಹ ಅನ್ನುವುದನ್ನೂ ಬಿಡಿ, ಬೂಮಿಯನ್ನು ಸುತ್ತುವುದು ಸುತ್ತುಗ. ಆಮೆಯ ಮೇಲಿನದು ಸುತ್ತುಗಬಿಲ್ಲೆ. ರಿಸೀವರ್ ಆಲಿಸುಗ. ಕನ್ನಡಿಗರ ಬಾಯಲ್ಲಿ ಇಲ್ಲದ ಮಹಾಪ್ರಾಣ ಪಲಕದ ಮೇಲೂ ಬೇಡ.

10.04

ಬಿಲ್ಲೆ ಚೆನ್ನಾಗಿದೆ ಸರ್, ತುಂಬಾ ಥ್ಯಾಂಕ್ಸ್. ಆದರೆ ‘ಪಲಕ’ ಅಂತ ಅಚ್ಚು ಹಾಕಿಸಿದರೆ ನನ್ನ ಕೆಲಸ ಹೋಗುತ್ತದೆ. ‘ಧ್ವನಿಬಿಲ್ಲೆ’ ಮತ್ತು ‘ಉಪಗ್ರಹಬಿಲ್ಲೆ’ ಅಂತ ಹಾಕಲಾ?

10.09

ಎರಡೂ ಅರಿಸಮಾಸ. ಸಲ್ಲದು.

10.15

ಹಾಗಾದರೆ ಚಳಿಗಾಲದಲ್ಲಿ ಏನು ಮಾಡುತ್ತೀರಿ ಮೇಷ್ಟ್ರೇ? ಚಳಿ ಕನ್ನಡ, ಕಾಲ ಸಂಸ್ಕೃತ. ಸ್ವೆಟರ್ ಹಾಕಿಕೊಳ್ಳುವುದೂ ಸಲ್ಲದಾ?

10.22

ರೂಢಿಗೆ ಬಂದದ್ದು ಬೇರೆ, ಹೊಸದಾಗಿ ಟಂಕಿಸುವುದು ಬೇರೆ. ಇನ್ನು ದನಿಬಿಲ್ಲೆಯ ವಿಷಯ. ದನಿ ಅನ್ನುವುದು ಧ್ವನಿಯ ತದ್ಭವ. ತದ್ಭವದ ಜೊತೆ ಕನ್ನಡ ಪದ ಸೇರಬಹುದು, ಅದು ಅರಿಸಮಾಸ ಆಗುವುದಿಲ್ಲ. ಆದ್ದರಿಂದ ದನಿಬಿಲ್ಲೆ ನಿಲ್ಲುತ್ತದೆ. ನಮ್ಮ ಮಹಾಪ್ರಾಣವಿರೋಧಿ ಮಿತ್ರರು ಕೊಟ್ಟರು ಎಂಬ ಕಾರಣಕ್ಕಲ್ಲ, ಸೂತ್ರಕ್ಕೆ ಒಪ್ಪುತ್ತದೆ ಎಂಬ ಕಾರಣಕ್ಕೆ. ಅವರ ಅಚ್ಚಗನ್ನಡ ಸಂಸ್ಕೃತದ ಮಗು ಎಂಬುದು ಅವರಿಗೆ ಗೊತ್ತಿದ್ದರೆ ಸಾಕು.

ಉಪಗ್ರಹಕ್ಕೆ ಷಷ್ಠಿ ಹಾಕಿ: ಉಪಗ್ರಹದ ಬಿಲ್ಲೆ. ಸಮಾಸದ ಗೊಡವೆಯೇ ಬೇಡ.

10.30

ಬಿಲ್ಲೆ ಮಾತ್ರ ಅಚ್ಚಗನ್ನಡವೇ? ತೆಲುಗಿನಲ್ಲಿ ಬಿಳ್ಳ ಇದೆ, ಮರಾಠಿಯಲ್ಲಿ ಬಿಲ್ಲಾ ಇದೆ. ಸುಮ್ನೆ ‘ಟ್ಯಾಗ್’ ಅನ್ನಿ, ಎಲ್ಲರಿಗೂ ಗೊತ್ತು. ಕುರ್ಚಿ ಅರಬ್ಬಿಯಿಂದ ಬಂತು, ಅಲಮಾರು ಪೋರ್ಚುಗೀಸಿನಿಂದ ಬಂತು. ಯಾರ ಮನೆಯೂ ಬೀಳಲಿಲ್ಲ.

10.37

ಎಲ್ಲರಿಗೂ ಗೊತ್ತಿರುವುದೇ ತೊಂದರೆ. ಈಗ ‘ಟ್ಯಾಗ್ ಮಾಡು’ ಅಂದರೆ ಫೋಟೋ ಕೆಳಗೆ ಹೆಸರು ಸಿಕ್ಕಿಸುವುದು. ‘ಶಾರ್ಕನ್ನು ಟ್ಯಾಗ್ ಮಾಡಿದರು’ ಅಂದರೆ ನನ್ನ ಮಗ ಶಾರ್ಕಿಗೆ ಅಕೌಂಟ್ ಇದೆಯಾ ಅಂತ ಕೇಳುತ್ತಾನೆ. ದನಗಳ ಕಿವಿಗೆ ಹಾಕುವ ನಂಬರಿಗೆ ‘ಕಿವಿಯೋಲೆ’ ಅನ್ನುತ್ತಾರಲ್ಲ, ಅದೂ ಟ್ಯಾಗೇ. ಆ ಥರದ ಪದ ಬೇಕು. ಓಲೆಯನ್ನು ಹೊಟ್ಟೆಯೊಳಗೆ ಹೊಲಿಯಲು ಬರುವುದಿಲ್ಲ ಅನ್ನಿ.

11.20

ತಡವಾಗಿ ಬಂದೆ. ಎಲ್ಲರೂ ಟ್ಯಾಗ್ ಹಿಡಿದು ಜಗಳ ಆಡುತ್ತಿದ್ದೀರಿ, ಕಷ್ಟದ ಪದಗಳನ್ನು ಮುಟ್ಟಿಯೇ ಇಲ್ಲ.

ಮೊದಲು ‘ಶ್ರವಣಾತೀತ’. ಯಾರ ಶ್ರವಣಕ್ಕೆ ಅತೀತ? ಬೂದು ಸೀಲ್‌ಗಳಿಗೆ ಈ 69 ಕಿಲೋಹರ್ಟ್ಸ್ ಸದ್ದು ಕೇಳಿಸುತ್ತದೆ. ಕೊಳದಲ್ಲಿ ಬಚ್ಚಿಟ್ಟ ಮೀನಿನ ಟ್ಯಾಗ್ ಸದ್ದು ಹಿಡಿದು ಮೀನು ಹುಡುಕುವುದನ್ನು ಅವು ಕಲಿತವು, 2015ರಲ್ಲಿ ಇದು ಪ್ರಕಟವಾಗಿದೆ. ಮೀನಿಗೆ ನಾವು ಕಟ್ಟಿದ್ದು ಗುರುತು, ಸೀಲ್‌ಗೆ ಅದು ಊಟದ ಗಂಟೆ. ‘ಮನುಷ್ಯರಿಗೆ ಕೇಳದ ಸದ್ದು’ ಅಂತ ಬರೆಯಿರಿ. ಉದ್ದ ಆದರೂ ಸುಳ್ಳಲ್ಲ.

ಎರಡನೆಯದು ‘ಟ್ರ್ಯಾಕಿಂಗ್’. ನೀವು ಅದನ್ನು ಕೇಳಿಲ್ಲ, ಅಂದರೆ ಆಗಲೇ ಏನೋ ಹಾಕಿದ್ದೀರಿ. ‘ಬೆನ್ನತ್ತುವುದು’ ಅಂತ ಹಾಕಿದ್ದರೆ ತೆಗೆಯಿರಿ. ತಳದಲ್ಲಿ ಕೂತ ರಿಸೀವರ್ ಯಾರ ಬೆನ್ನೂ ಹತ್ತುವುದಿಲ್ಲ. ಅದು ಕೂತಲ್ಲೇ ಕೂತಿರುತ್ತದೆ, ಮೀನು ಹತ್ತಿರ ಹಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆನಡಾದ ಹ್ಯಾಲಿಫ್ಯಾಕ್ಸ್ ಕಡಲಿನಲ್ಲಿ ಇಂಥವನ್ನು ದಡದಿಂದ ಆಚೆಗೆ ಸಾಲಾಗಿ ನಿಲ್ಲಿಸಿದ್ದಾರೆ. ಸಾಲನ್ನು ದಾಟಿದ ಮೀನಿನ ನಂಬರು ದಾಖಲಾಗುತ್ತದೆ, ಮಧ್ಯೆ ಅದು ಎಲ್ಲಿ ಅಲೆಯಿತೋ ಯಾರಿಗೂ ಗೊತ್ತಿಲ್ಲ. ಇದಕ್ಕೆ ‘ಸುಳಿವು’ ಸರಿ. ಸುಳಿ ಅಂದರೆ ಓಡಾಡು, ನೀರಿನ ಸುಳಿಯೂ ಅದೇ. ಸುಳಿದದ್ದರ ಗುರುತು ಸುಳಿವು. ಕಡಲಿಗೆ ಇದಕ್ಕಿಂತ ಹೊಂದುವ ಪದ ನನಗಂತೂ ಗೊತ್ತಿಲ್ಲ.

ಮೂರನೆಯದು ಡಿಟೆಕ್ಷನ್. ಅಭಿಜ್ಞಾನ ಬೇಡ ಮೇಷ್ಟ್ರೇ, ಮಕ್ಕಳು ಉಂಗುರ ಹುಡುಕುತ್ತಾರೆ. ‘ಪತ್ತೆ’ಯೂ ಬೇಡ, ಅದರಲ್ಲಿ ಹುಡುಕಾಟ ಇದೆ. ಇಲ್ಲಿ ಯಾರೂ ಹುಡುಕುತ್ತಿಲ್ಲ. ‘ಕಿವಿಗೆ ಬಿತ್ತು’ ಅನ್ನಿ. ರಿಸೀವರ್‌ಗೆ ‘ಕಿವಿ’ ಅಂದುಬಿಟ್ಟರೆ ಎರಡೂ ಒಟ್ಟಿಗೆ ಮುಗಿಯಿತು: ‘ಈ ಮೀನು ಮೂರನೇ ಕಿವಿಗೆ ಎರಡು ಸಲ ಬಿತ್ತು.’

ಕೊನೆಯದು ನೀವು ಕೇಳದೇ ಇರುವ ಪದ, ಆದರೆ ಫಲಕದಲ್ಲಿ ಇದ್ದೇ ಇರುತ್ತದೆ. ರಿಸೀವರ್‌ಗೆ ಎಷ್ಟು ದೂರದ ತನಕ ಕೇಳುತ್ತದೆ ಅನ್ನುವುದು, ಅಂದರೆ ರೇಂಜ್. ಸಾಮಾನ್ಯವಾಗಿ ಕೆಲವು ನೂರು ಮೀಟರ್. ಗಾಳಿ ಎದ್ದು ಅಲೆ ಜಾಸ್ತಿ ಆದರೆ ಅದೂ ಕುಗ್ಗುತ್ತದೆ. ಇದಕ್ಕೆ ‘ವ್ಯಾಪ್ತಿ’ ಅಂತ ಬರೆದಿದ್ದೀರಿ ಅಂತ ಪಂದ್ಯ ಕಟ್ಟುತ್ತೇನೆ. ನಮ್ಮಲ್ಲಿ ‘ಕೂಗಳತೆ’ ಇದೆ. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳುವಷ್ಟು ದೂರ, ಗಾಳಿ ಎದ್ದರೆ ಅದೂ ಕುಗ್ಗುತ್ತದೆ. ಬಿಲ್ಲೆ ಕೂಗುತ್ತದೆ, ಕಿವಿ ಕೂಗಳತೆಯಲ್ಲಿದ್ದರೆ ಕೇಳುತ್ತದೆ. ಪಿಂಗ್‌ಗೂ ಬೇರೆ ಪದ ಬೇಡ, ‘ಕೂಗು’ ಸಾಕು.

11.41

ಅಯ್ಯೋ, ವ್ಯಾಪ್ತಿ ಅಂತಲೇ ಬರೆದಿದ್ದೆ. ಪಂದ್ಯ ಗೆದ್ದಿರಿ. ಇನ್ನೊಂದು ಸಾಲು ನೋಡಿಕೊಡಿ:

> ನಿಕೋಲ್ ಎಂಬ ಬಿಳಿ ಶಾರ್ಕ್ ದಕ್ಷಿಣ ಆಫ್ರಿಕಾದಿಂದ ಆಸ್ಟ್ರೇಲಿಯಾಕ್ಕೆ ಹೋಗಿ ಮರಳಿದ 20,000 ಕಿ.ಮೀ. ಪಯಣವನ್ನು ಉಪಗ್ರಹದ ಬಿಲ್ಲೆ ತೋರಿಸಿಕೊಟ್ಟಿತು.

11.58

ಭಾಷೆ ಸರಿ, ಸಂಗತಿ ತಪ್ಪು. ಬಿಲ್ಲೆ ತೋರಿಸಿದ್ದು ಹೋದ ದಾರಿ ಮಾತ್ರ, 99 ದಿನದಲ್ಲಿ ಸುಮಾರು 11,000 ಕಿ.ಮೀ. 2003ರ ನವೆಂಬರ್‌ನಲ್ಲಿ ಹಾಕಿದ ಬಿಲ್ಲೆ 2004ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಹತ್ತಿರ ತಾನಾಗಿ ಕಳಚಿ ಮೇಲೆ ತೇಲಿತು. ಅಲ್ಲಿಂದ ಮುಂದೆ ಶಾರ್ಕ್ ಬರಿಮೈಯಲ್ಲಿ. ಅದೇ ಆಗಸ್ಟ್‌ನಲ್ಲಿ ಅದು ದಕ್ಷಿಣ ಆಫ್ರಿಕಾದಲ್ಲಿ ಮತ್ತೆ ಕಂಡಿತು. ಬೆನ್ನಿನ ಈಜುರೆಕ್ಕೆಯ ಅಂಚಿನ ಕಚ್ಚುಗಳನ್ನು ಹಳೆಯ ಫೋಟೋ ಜೊತೆ ಹೋಲಿಸಿ ಗುರುತಿಸಿದರು. ‘ಹೋದದ್ದನ್ನು ಬಿಲ್ಲೆ ಹೇಳಿತು, ಬಂದದ್ದನ್ನು ರೆಕ್ಕೆ ಹೇಳಿತು’ ಅಂತ ಹಾಕಿ.

ಹಾಂ, ಇದು ಆಮೆಯ ಬಿಲ್ಲೆಯಂಥದ್ದಲ್ಲ. ಮೈಮೇಲೆ ಇರುವಷ್ಟು ದಿನ ಆಳ, ತಾಪ, ಬೆಳಕು ಬರೆದಿಟ್ಟುಕೊಂಡು, ಕಳಚಿ ತೇಲಿದ ಮೇಲೆ ಉಪಗ್ರಹಕ್ಕೆ ಒಪ್ಪಿಸುತ್ತದೆ. ಬೇರೆ ಹೆಸರು ಬೇಕು.

12.06

ಉದುರುಬಿಲ್ಲೆ.

12.10

ಉದುರಿದ್ದು ಕೆಳಗೆ ಹೋಗುತ್ತದೆ. ಇದು ಮೇಲೆ ಬರುತ್ತದೆ. ಕಳಚುಬಿಲ್ಲೆ.

12.14

ಒಪ್ಪಿದೆ. ಆದರೆ ‘ಕಿವಿ’ ಒಪ್ಪಲಾರೆ. ಯಂತ್ರಕ್ಕೆ ಅಂಗದ ಹೆಸರೇ? ನಾಳೆ ಕ್ಯಾಮೆರಾಕ್ಕೆ ಕಣ್ಣು ಅನ್ನುತ್ತೀರಿ.

12.17

ಸೂಜಿಗೆ ಕಣ್ಣಿದೆ, ಕುರ್ಚಿಗೆ ಕಾಲಿದೆ, ಗರಗಸಕ್ಕೆ ಹಲ್ಲಿದೆ ಮೇಷ್ಟ್ರೇ. ಕಿವಿ ಒಂದಕ್ಕೆ ಯಾಕೆ ತಕರಾರು?

12.19

> ಕುರ್ಚಿಗೆ ಕಾಲಿದೆ

ಕುರ್ಚಿ ಅಲ್ಲ, ಕೂರುಮಣೆ.

12.45

ಸರಿ, ನಾನು ಹೀಗೆ ಹಾಕುತ್ತಿದ್ದೇನೆ: ದನಿಬಿಲ್ಲೆ, ಉಪಗ್ರಹದ ಬಿಲ್ಲೆ, ಕಳಚುಬಿಲ್ಲೆ, ಕೂಗು, ಕೂಗಳತೆ, ಕಿವಿಗೆ ಬಿದ್ದದ್ದು. ರಿಸೀವರ್‌ಗೆ ಮೊದಲ ಫಲಕದಲ್ಲಿ ‘ಕಡಲ ತಳದ ಕಿವಿ, ಅಂದರೆ ರಿಸೀವರ್’ ಅಂತ, ಆಮೇಲೆ ಬರೀ ‘ಕಿವಿ’ ಅಂತ. ಎಲ್ಲರಿಗೂ ಥ್ಯಾಂಕ್ಸ್. ಎಂಟನೇ ಫಲಕ ಇನ್ನೂ ಶುರುವೇ ಆಗಿಲ್ಲ, ಹೊರಟೆ.

12.52

ಥ್ಯಾಂಕ್ಸ್ ಅಲ್ಲ, ನನ್ನಿ.

12.55

ಧನ್ಯವಾದ.