ಪುಟ್ಟನ ಗೋಡಂಬಿ ಅಲರ್ಜಿಯ ಬಗ್ಗೆ ತಂಗಿಗೆ ಮತ್ತು ಮನೆಯವರೆಲ್ಲರಿಗೆ

ತಂಗಿ, ತೀರ್ಥಹಳ್ಳಿಯ ಗೃಹಪ್ರವೇಶದಲ್ಲಿ ಪಾಯಸ ತಿಂದ ಸ್ವಲ್ಪ ಹೊತ್ತಿಗೇ ಪುಟ್ಟನ ಮೈಯೆಲ್ಲ ಗಂಧೆ ಎದ್ದು, ತುಟಿ ಊದಿ, ಎರಡು ಸಲ ವಾಂತಿಯಾಯಿತೆಂದು ನೀನು ಕಳಿಸಿದ ಸಂದೇಶ ಕೇಳಿದೆ. ಪಿತ್ತಕ್ಕೆ ಮುರುಗಲ ಹಣ್ಣಿನ ನೀರು ಕುಡಿಸು ಎಂದು ದೊಡ್ಡಮ್ಮ ಹೇಳಿದ್ದನ್ನೂ, ದಿನಾ ಚೂರು ಚೂರು ಗೋಡಂಬಿ ಕೊಟ್ಟು ರೂಢಿ ಮಾಡಿಸಿದರೆ ಸರಿಹೋಗುತ್ತದೆ ಎಂದು ಭಾವ ಹೇಳಿದ್ದನ್ನೂ ಕೇಳಿದೆ. ನನ್ನ ಮಗಳಿಗೂ ಗೋಡಂಬಿ ಆಗದಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ದಯವಿಟ್ಟು ಎಲ್ಲರೂ ಪೂರ್ತಿ ಕೇಳಿ.

ವೈದ್ಯರು ನೋಡುವವರೆಗೆ ಅವನಿಗೆ ಗೋಡಂಬಿಯ ಒಂದು ಚೂರನ್ನೂ ಕೊಡಬೇಡಿ. ಈ ಸಲ ಗಂಧೆ ಮತ್ತು ವಾಂತಿಗೆ ನಿಂತಿತೆಂದ ಮಾತ್ರಕ್ಕೆ ಮುಂದಿನ ಸಲವೂ ಅಷ್ಟಕ್ಕೇ ನಿಲ್ಲುತ್ತದೆಂದು ನಂಬುವಂತಿಲ್ಲ. ಭಾವ, ನೀವು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸುವ ಚಿಕಿತ್ಸೆ ಇರುವುದು ನಿಜ. ಆದರೆ ಅದನ್ನು ಅಲರ್ಜಿ ತಜ್ಞರು ಮಿಲಿಗ್ರಾಂ ಲೆಕ್ಕದಲ್ಲಿ, ತುರ್ತು ಔಷಧಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಮಾಡುತ್ತಾರೆಯೇ ಹೊರತು ಅಡುಗೆಮನೆಯಲ್ಲಿ ಅಂದಾಜಿನ ಮೇಲೆ ಮಾಡುವಂಥದ್ದಲ್ಲ. ನಾಲ್ಕರಿಂದ ಹನ್ನೊಂದು ತಿಂಗಳ ಶಿಶುಗಳಿಗೆ ಶೇಂಗಾ ತಿನ್ನಿಸಲು ಆರಂಭಿಸಿದರೆ ಆ ಅಲರ್ಜಿ ಬರುವುದು ಬಹಳ ಕಡಿಮೆಯಾಗುತ್ತದೆ ಎಂದು 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿತು, ಆದರೆ ಅದು ಅಲರ್ಜಿ ಬಾರದಂತೆ ತಡೆಯುವ ಮಾತು, ಈಗಾಗಲೇ ಬಂದಿರುವುದನ್ನು ವಾಸಿ ಮಾಡುವುದಲ್ಲ.

ದೊಡ್ಡಮ್ಮ, ಗೇರುಬೀಜ ಸುಡುವಾಗ ಸೊನೆ ತಾಗಿ ಕೈ ಬೊಬ್ಬೆ ಬರುವುದನ್ನು ನೀವು ಎಷ್ಟೋ ಬೇಸಿಗೆಯಲ್ಲಿ ಕಂಡವರು. ಹಾಗಾಗಿ ಇದೂ ಸೊನೆಯ ದೋಷವೇ ಇರಬೇಕು, ಚೆನ್ನಾಗಿ ಹುರಿದರೆ ಹೋಗುತ್ತದೆ ಎಂದು ನಿಮಗೆ ಅನಿಸುವುದು ಸಹಜ. ಆದರೆ ಸೊನೆ ಇರುವುದು ಬೀಜದ ಹೊರಗಿನ ಸಿಪ್ಪೆಯಲ್ಲಿ. ಪುಟ್ಟನ ದೇಹ ತಿರುಗಿಬಿದ್ದಿರುವುದು ಒಳಗಿನ ತಿರುಳಿನ ಪ್ರೋಟೀನಿನ ಮೇಲೆ, ಅದನ್ನು ಹುರಿದರೂ ಕುದಿಸಿದರೂ ಭಯ ತಪ್ಪುವುದಿಲ್ಲ. ಮುರುಗಲ ನೀರು ಬೇರೆ ದಿನ ಧಾರಾಳವಾಗಿ ಕುಡಿಯಲಿ, ಆದರೆ ತುಟಿ ಊದಿದ ಗಳಿಗೆಯಲ್ಲಿ ಅದನ್ನು ನಂಬಿ ಸಮಯ ಕಳೆಯುವುದು ಬೇಡ.

ತಂಗಿ, ಮಕ್ಕಳ ವೈದ್ಯರ ಬಳಿ ಹೋಗುವಾಗ ಅವನು ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಬರೆದುಕೊಂಡು ಹೋಗು, ಗಂಧೆಯ ಫೋಟೋ ಇದ್ದರೆ ಅದನ್ನೂ ತೋರಿಸು. ಚರ್ಮದ ಪರೀಕ್ಷೆ ಅಥವಾ ರಕ್ತ ಪರೀಕ್ಷೆಗಿಂತ ಮೊದಲು ಅವರಿಗೆ ಬೇಕಾಗುವುದು ಈ ವಿವರವೇ, ಏಕೆಂದರೆ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಪದಾರ್ಥಗಳೆಲ್ಲ ನಿಜವಾಗಿ ತೊಂದರೆ ಕೊಡುತ್ತವೆ ಎಂದಿಲ್ಲ. ದೊಡ್ಡ ಪಟ್ಟಿ ನೋಡಿ ಹೆದರಿ ಹಾಲು, ಗೋಧಿ ಎಲ್ಲವನ್ನೂ ಬಿಡಿಸಿದರೆ ಮಗು ಸೊರಗುತ್ತದೆ. ಪಿಸ್ತಾದ ಬಗ್ಗೆ ಮಾತ್ರ ತಪ್ಪದೆ ಕೇಳು. ಗೋಡಂಬಿ ಆಗದವರಲ್ಲಿ ಹೆಚ್ಚಿನವರಿಗೆ ಪಿಸ್ತಾವೂ ಆಗುವುದಿಲ್ಲ.

ಇನ್ನು ತುರ್ತಿನ ವಿಷಯ. ಉಸಿರಿಗೆ ಕಷ್ಟ, ಸುಯ್ಯೆನ್ನುವ ಸದ್ದು, ಬಿಡದ ಕೆಮ್ಮು, ಧ್ವನಿ ಒಡೆಯುವುದು, ಮಗು ಬಿಳಿಚಿ ಜೋಲುಬೀಳುವುದು, ಇವುಗಳಲ್ಲಿ ಒಂದು ಕಂಡರೂ, ಅಥವಾ ಮೊನ್ನೆಯಂತೆ ಗಂಧೆಯ ಜೊತೆಗೆ ವಾಂತಿಯೂ ಆಗುತ್ತಿದ್ದರೂ, ಬೇಕಾಗುವ ಔಷಧಿ ಅಡ್ರಿನಲಿನ್ ಚುಚ್ಚುಮದ್ದು, ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ಸೆಟ್ರಿಜಿನ್ ಸಿರಪ್ ಗಂಧೆ ಮತ್ತು ತುರಿಕೆಯನ್ನು ತಗ್ಗಿಸಬಹುದು, ಕಟ್ಟುತ್ತಿರುವ ಉಸಿರನ್ನು ಬಿಡಿಸಲಾರದು. ಆಗ ಶಿವಮೊಗ್ಗಕ್ಕೇ ಹೋಗಬೇಕೆಂದು ಹೊರಡಬೇಡಿ. ಸಾಗರದಿಂದ ಸುಮಾರು 70 ಕಿಲೋಮೀಟರ್ ದೂರವಿದೆ, ಮಳೆಗಾಲದಲ್ಲಿ ಮರ ಬಿದ್ದರೆ ದಾರಿಯೇ ಇರುವುದಿಲ್ಲ. 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ನಡೆಯಿರಿ. ಲಸಿಕೆಗೂ ಅಪರೂಪಕ್ಕೆ ಹೀಗಾಗುವುದುಂಟು ಎಂಬ ಕಾರಣಕ್ಕೆ ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಡ್ರಿನಲಿನ್ ಇಡುವ ನಿಯಮವಿದೆ. ನಿಮ್ಮ ಕೇಂದ್ರದಲ್ಲಿ ಇದೆಯೇ, ರಾತ್ರಿ ಯಾರಾದರೂ ಇರುತ್ತಾರೆಯೇ ಎಂದು ಈ ವಾರವೇ ಹೋಗಿ ಕೇಳಿ ಬಾ. ದಾರಿಯಲ್ಲಿ ಮಗುವನ್ನು ಮಲಗಿಸಿಕೊಂಡಿರಬೇಕು, ಉಸಿರು ಕಷ್ಟವಾದರೆ ಕುಳ್ಳಿರಿಸಿಕೊಳ್ಳಬಹುದು, ಎತ್ತಿ ನಿಲ್ಲಿಸುವುದು ಮಾತ್ರ ಬೇಡ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಅಲ್ಲೇ ಇರಬೇಕು, ಇಳಿದ ಲಕ್ಷಣಗಳು ಮತ್ತೆ ಮರುಕಳಿಸಬಹುದು.

ಮನೆಯಲ್ಲಿ ಗೋಡಂಬಿಯನ್ನು ದೂರವಿಡುವುದು ಕಷ್ಟವಲ್ಲ, ಪಂಕ್ತಿಯಲ್ಲಿ ಕಷ್ಟ. ಪಾಯಸಕ್ಕೆ ಗೋಡಂಬಿ ದ್ರಾಕ್ಷಿ ಹುರಿದ ತುಪ್ಪವನ್ನೇ ಮೇಲೆ ಸುರಿಯುತ್ತಾರೆ, ಹಾಗಾಗಿ ಬೀಜ ಆರಿಸಿ ತೆಗೆದು ಕೊಟ್ಟರೆ ಏನೂ ಪ್ರಯೋಜನವಿಲ್ಲ. ಅದೇ ಬಾಣಲೆಯಲ್ಲಿ ಉಪ್ಪಿಟ್ಟಿನ ಒಗ್ಗರಣೆ ಆಗಿರುತ್ತದೆ, ಅದೇ ಸೌಟು ಕೇಸರಿಬಾತಿನಿಂದ ಇನ್ನೊಂದು ಪಾತ್ರೆಗೆ ಹೋಗಿರುತ್ತದೆ. ಹೋಟೆಲಿನ ಕುರ್ಮಾ, ಪನೀರ್ ಮಸಾಲೆಗಳಲ್ಲಿ ಗೋಡಂಬಿ ಅರೆದು ಹಾಕಿರುವುದು ಕಣ್ಣಿಗೂ ಕಾಣುವುದಿಲ್ಲ. ಪೊಟ್ಟಣದ ತಿನಿಸಿನಲ್ಲಿ ಗೋಡಂಬಿ ಇದ್ದರೆ ಲೇಬಲ್ಲಿನಲ್ಲಿ ಅಲರ್ಜಿಯ ಸೂಚನೆಯಾಗಿ ನಮೂದಿಸಬೇಕೆಂಬ ನಿಯಮವಿದೆ, ಅದನ್ನು ಪ್ರತಿಸಲ ಓದು. ಬೇಕರಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಸಿಹಿಗೆ ಓದಲು ಲೇಬಲ್ಲೇ ಇರುವುದಿಲ್ಲವಾದ್ದರಿಂದ ನಾವು ಅದನ್ನು ತರುವುದನ್ನೇ ಬಿಟ್ಟಿದ್ದೇವೆ. ಅಂಗನವಾಡಿ ಟೀಚರಿಗೂ ಒಂದು ಚೀಟಿಯಲ್ಲಿ ಬರೆದುಕೊಡು.

ಬರುವ ತಿಂಗಳ ಉಪನಯನದ ಅಡುಗೆ ಭಟ್ಟರ ಹತ್ತಿರ ನಾನೇ ಮಾತನಾಡುತ್ತೇನೆ. ಅವತ್ತು ಇಡೀ ಅಡುಗೆಯಲ್ಲಿ ಗೋಡಂಬಿ ಬೇಡವೆಂದು ಹೇಳೋಣ, ಪಾಯಸಕ್ಕೆ ಕಾಯಿಚೂರು ಹುರಿದು ಹಾಕಲಿ. ದೊಡ್ಡಮ್ಮ, ಭಾವ, ಇದಕ್ಕೆ ನಿಮ್ಮಿಬ್ಬರ ಒಪ್ಪಿಗೆ ಇದೆಯೇ ಎಂದು ಇಲ್ಲೇ ತಿಳಿಸಿ, ಭಾನುವಾರದ ಒಳಗೆ ಅವರಿಗೆ ಸಾಮಾನಿನ ಪಟ್ಟಿ ಕೊಡಬೇಕು.